ನಮ್ಮ ಹಿತ್ತಲಿನ ಪಿಕಳಾರ

ಹಕ್ಕಿ ನೋಡಬೇಕಾದರೆ ಕಾಡಿಗೇ ಹೋಗಬೇಕು ಅಂತ ನಾನು ತಿಳಿದಿದ್ದೆ. ಹೋದ ಬೇಸಿಗೆ ರಜೆಯಲ್ಲಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಳೇ ತಟ್ಟೆ ಇಟ್ಟು ಬಾಳೆಹಣ್ಣು, ನುಚ್ಚಕ್ಕಿ ಹಾಕಿದೆ. ಪಕ್ಕದಲ್ಲಿ ಕರಟದ ತುಂಬ ನೀರು. ಮೂರು ದಿನ ಕಾಗೆ ಬಿಟ್ಟರೆ ಯಾವುದೂ ಬರಲಿಲ್ಲ. ನಾಲ್ಕನೇ ದಿನ ಪಿಕಳಾರ ಬಂತು.

ಪಿಕಳಾರದಲ್ಲಿ ನಮ್ಮ ಕಡೆ ಎರಡು ಜಾತಿ ಕಾಣುತ್ತವೆ. ಕೆಮ್ಮೀಸೆ ಪಿಕಳಾರಕ್ಕೆ ಚೂಪಾದ ಕಪ್ಪು ಜುಟ್ಟು, ಬಿಳಿ ಕೆನ್ನೆ, ಕಣ್ಣಿನ ಹಿಂದೆ ಕೆಂಪು ಚುಕ್ಕೆ. ಇನ್ನೊಂದಕ್ಕೆ ತಲೆಯೆಲ್ಲ ಕಪ್ಪು. ಎರಡಕ್ಕೂ ಬಾಲದ ಬುಡದಲ್ಲಿ ಕೆಳಗಡೆ ಕೆಂಪು. ಗಂಡು ಹೆಣ್ಣು ನೋಡಲು ಒಂದೇ ಥರ. ಕೆಮ್ಮೀಸೆಯ ಮರಿಗೆ ಕೆನ್ನೆಯ ಕೆಂಪು ಇರುವುದಿಲ್ಲ. ಅದನ್ನು ನೋಡಿ ನಾನು ಮೂರನೇ ಜಾತಿ ಅಂತ ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಹೊಡೆದು ಹಾಕಿದೆ!

ಬಣ್ಣಬಣ್ಣದ ಸೂರಕ್ಕಿ ಮಾತ್ರ ತಟ್ಟೆಗೆ ಒಂದು ದಿನವೂ ಬರಲಿಲ್ಲ. ಅದು ದಾಸವಾಳದ ಮಕರಂದ ಕುಡಿಯುವುದು. ಕೊಕ್ಕು ಸಣ್ಣದಾಗಿ ಬಾಗಿರುತ್ತದೆ, ಅದರಲ್ಲಿ ಅಕ್ಕಿ ಒಡೆಯೋಕೆ ಆಗಲ್ಲ. ಗುಬ್ಬಚ್ಚಿಯ ಕೊಕ್ಕು ಗಿಡ್ಡ, ದಪ್ಪ, ಕಾಳಿಗೆ ಸರಿ. ಕೊಕ್ಕು ನೋಡಿದರೆ ಊಟ ಏನು ಅಂತ ಹೇಳಬಹುದು. ಬೆಳಗಿನ ಜಾವ ಹಲಸಿನ ಮರದ ತುದಿಯಲ್ಲಿ ಹಾಡುವ ಮಡಿವಾಳ ಹಕ್ಕಿಯೂ ಹಣ್ಣು ಮುಟ್ಟಲಿಲ್ಲ, ಕೆಳಗೆ ಬಂದು ಹುಳ ಹೆಕ್ಕಿಕೊಂಡು ಹೋಗುತ್ತಿತ್ತು.

ಈಗ ನನ್ನ ತಪ್ಪು ಹೇಳುತ್ತೇನೆ. ಒಗೆಯುವ ಕಲ್ಲಿನ ಪಕ್ಕದಲ್ಲೇ ಲಂಟಾನದ ಪೊದೆ ಇದೆ. ಒಂದು ಬೆಳಿಗ್ಗೆ ಅದರೊಳಗೆ ಅಡಗಿದ್ದ ನಮ್ಮ ಬೆಕ್ಕು ಹಾರಿ ಒಂದು ಪಿಕಳಾರವನ್ನು ಹಿಡಿಯಿತು. ನಾನು ಓಡಿದೆ, ಬಿಡಿಸೋಕೆ ಆಗಲಿಲ್ಲ. ಜೊತೆಯದು ತಂತಿ ಮೇಲೆ ಕೂತು ಮಧ್ಯಾಹ್ನದವರೆಗೂ ಕೂಗಿತು. ಅಜ್ಜಿ, “ಕರೆದು ಊಟಕ್ಕಿಟ್ಟು ಬೆಕ್ಕಿಗೆ ಕೊಟ್ಟೆಯಲ್ಲೋ” ಅಂದಳು. ಆ ದಿನ ನಾನು ಊಟ ಮಾಡಲಿಲ್ಲ.

1896ರಲ್ಲಿ ಹುಟ್ಟಿದ ಸಲೀಂ ಅಲಿಯವರೂ ಹುಡುಗರಾಗಿದ್ದಾಗ ಏರ್‌ಗನ್ನಿನಿಂದ ಗುಬ್ಬಚ್ಚಿ ಹೊಡೆಯುತ್ತಿದ್ದರಂತೆ. ಒಮ್ಮೆ ಬಿದ್ದ ಹಕ್ಕಿಯ ಕುತ್ತಿಗೆಯಲ್ಲಿ ಹಳದಿ ಕಲೆ ಇತ್ತು. ಅದು ಯಾವ ಹಕ್ಕಿ ಅಂತ ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದವರು, 1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. (ಕ್ಯಾಟರ್‌ಬಿಲ್ಲು ಇಟ್ಟುಕೊಂಡಿರುವ ನಮ್ಮ ತರಗತಿಯವರು ಇದನ್ನು ಎರಡು ಸಲ ಓದಿ!)

ತಟ್ಟೆಯನ್ನು ಈಗ ಪೊದೆಯಿಂದ ದೂರ, ಸೀಬೆ ಮರದ ತುದಿ ಕೊಂಬೆಗೆ ತಂತಿಯಲ್ಲಿ ತೂಗುಹಾಕಿದ್ದೇನೆ. ಬೆಕ್ಕು ಹತ್ತಿದರೆ ಕೊಂಬೆ ಬಾಗುತ್ತದೆ. ಎಂಟು ದಿನ ಒಂದೂ ಬರಲಿಲ್ಲ. ಒಂಬತ್ತನೇ ದಿನ ಒಂದು ಪಿಕಳಾರ ತಂತಿ ಮೇಲೆ ಕೂತು ಬಹಳ ಹೊತ್ತು ಕೆಳಗೇ ನೋಡಿತು, ಆಮೇಲೆ ಇಳಿದು ಹಣ್ಣು ಕುಕ್ಕಿತು. ಈಗ ಎರಡು ಬರುತ್ತವೆ. ಅವತ್ತು ಕೂಗಿದ್ದು ಇವುಗಳಲ್ಲಿ ಇದೆಯೋ ಇಲ್ಲವೋ ಗುರುತು ಸಿಗುವುದಿಲ್ಲ.