ದಿನದ ಧಮ್ಮ ಚಿಂತನೆ: ಲೈನ್ ಮನೆಯವರ ಮತ

 



ನಮ್ಮ ಗೊರೂರಿನ ಅಣೆಕಟ್ಟೆಗೆ ಬರುವ ಹೇಮಾವತಿ ನೀರು ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳ ನಡುವೆ ಹರಿದು ಬರುತ್ತದೆ. ಆ ತೋಟಗಳ ಲೈನ್ ಮನೆಗಳಲ್ಲಿ ನಮ್ಮ ನೆಂಟರಿಷ್ಟರು ಎಷ್ಟೋ ಜನ ಇದ್ದಾರೆ. ಮನೆ ತೋಟದವರದು. ಕೆಲಸ ಹೋದರೆ ಸೂರೂ ಹೋಯಿತು.

ಮತಗಟ್ಟೆಯಲ್ಲಿ ಅವರಿಗೂ ಧಣಿಗೂ ಒಂದೊಂದೇ ಮತ, ಅದೂ ಗುಟ್ಟಿನದು. ಗ್ರಾಮಸಭೆ ಹಾಗಲ್ಲ. ಮನೆ ಯಾರಿಗೆ ಕೊಡಬೇಕೆಂದು ಆರಿಸುವುದು ಅಲ್ಲಿಯೇ. ಎದ್ದು ನಿಂತು ಎಲ್ಲರೆದುರು ಬಾಯಿಬಿಟ್ಟು ಕೇಳಬೇಕು. ಮುಂದಿನ ಕುರ್ಚಿಯಲ್ಲಿ ಧಣಿ ಕೂತಿರುವಾಗ, ಅವರ ಸೂರಿನಡಿ ಮಲಗುವವರು ಏನು ಕೇಳಿಯಾರು?

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ: ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ, ಇದು ಹೀಗೇ ಉಳಿದರೆ ಪ್ರಜಾಪ್ರಭುತ್ವಕ್ಕೇ ಅಪಾಯ. 1947ರ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಮನವಿಯಲ್ಲಿ ಅವರು ಇನ್ನೂ ಮುಂದೆ ಹೋಗಿದ್ದರು. ಮುಖ್ಯ ಕೈಗಾರಿಕೆ, ವಿಮೆ, ಕೃಷಿ ಭೂಮಿ ಸರ್ಕಾರದ ಕೈಯಲ್ಲಿರಲಿ, ಅದನ್ನು ಸಂವಿಧಾನದಲ್ಲೇ ಬರೆಯಿರಿ ಎಂದರು. ಸರ್ಕಾರ ಹಿಂದೆ ಸರಿದ ಜಾಗಕ್ಕೆ ಬರುವುದು ಬಡವರ ಸ್ವಾತಂತ್ರ್ಯವಲ್ಲ, ಮಾಲೀಕರ ಆಳ್ವಿಕೆ ಎಂಬುದು ಅವರ ವಾದ. ಸಂವಿಧಾನದಲ್ಲೇ ಏಕೆ? ಇಲ್ಲದಿದ್ದರೆ ಇವತ್ತಿನ ಬಹುಮತ ಮಾಡಿದ್ದನ್ನು ನಾಳಿನ ಬಹುಮತ ತೆಗೆದುಹಾಕುತ್ತದೆ. ಆ ಸಲಹೆ ಸಂವಿಧಾನದೊಳಗೆ ಬರಲಿಲ್ಲ.

ನಮ್ಮ ವಿಧಾನಮಂಡಲವನ್ನೇ ನೋಡಿ. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಬೆಳೆದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡುವ ತಿದ್ದುಪಡಿ ಅಲ್ಲೇ ಆಯಿತು. ಇತ್ತ ತುಂಡು ಜಮೀನಿನ ಬಗರ್‌ಹುಕುಂ ಸಾಗುವಳಿದಾರ ನಮೂನೆ 57 ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಾನೆ. ಗುತ್ತಿಗೆ ಬೇರೆ, ಸಾಗುವಳಿ ಚೀಟಿ ಬೇರೆ, ಒಪ್ಪೋಣ. ಆದರೆ ಆ ಕಾಫಿ ಗಿಡ ನೆಟ್ಟ ಕೈಗಳಿಗೆ ಆ ತಿದ್ದುಪಡಿಯಲ್ಲಿ ಒಂದು ಗುಂಟೆಯೂ ಇಲ್ಲ. ಇದಕ್ಕೆ ಕೈ ಎತ್ತಿದವರನ್ನು ಗೆಲ್ಲಿಸಿದ್ದರಲ್ಲಿ ನಮ್ಮ ಮತಗಳೂ ಇವೆ.

ಹಾಗೆಂದು ಭಗವಾನರು ಬಂಡವಾಳವೇ ಬೇಡ ಎನ್ನಲಿಲ್ಲ. ದೀಘನಿಕಾಯದ ಕೂಟದಂತ ಸುತ್ತದಲ್ಲಿ ಮಹಾವಿಜಿತ ರಾಜ ದೊಡ್ಡ ಯಜ್ಞಕ್ಕೆ ಹೊರಡುತ್ತಾನೆ. ನಾಡಿನಲ್ಲಿ ಕಳ್ಳಕಾಟ. ಕೊಂದರೆ, ಸೆರೆಗೆ ಹಾಕಿದರೆ ಅದು ನಿಲ್ಲದು ಎನ್ನುತ್ತಾನೆ ಪುರೋಹಿತ. ಉಳುವವರಿಗೆ ಬೀಜ, ವ್ಯಾಪಾರಿಗಳಿಗೆ ಬಂಡವಾಳ, ಅರಸನ ಸೇವೆಯಲ್ಲಿ ದುಡಿಯುವವರಿಗೆ ಊಟ ಮತ್ತು ಸಂಬಳ ಕೊಡು ಎಂದು ಹೇಳುತ್ತಾನೆ. ಮೂರನ್ನೂ ಒಟ್ಟಿಗೆ ಹೇಳಿದ್ದಾನೆ, ಗಮನಿಸಿ. ನಾವು ಈಗ ನಡುವಿನದೊಂದನ್ನೇ ಅಭಿವೃದ್ಧಿ ಎಂದು ಕರೆಯುತ್ತಿದ್ದೇವೆ.

ಭಾನುವಾರ ವಂದನೆಯ ನಂತರ ಈ ಸುತ್ತವನ್ನು ಪೂರ್ತಿ ಓದೋಣ. ಲೈನ್ ಮನೆಗಳಲ್ಲಿರುವ ನೆಂಟರಿಗೆ ನಿವೇಶನದ ಅರ್ಜಿ ಬರೆದುಕೊಡಲು ಯಾರು ಯಾವ ಕಡೆ ಹೋಗುವುದೆಂದು ಅಂದೇ ಗೊತ್ತುಮಾಡೋಣ. ಪೆನ್ನು, ಕಾಗದ ತನ್ನಿ.

ಭವತು ಸಬ್ಬ ಮಂಗಲಂ.