ಎಡ-ಬಲ ಇಲ್ಲದ ಮಾತು

ಗೆಳೆಯರೇ, ಒಂದು ಆಟ ಆಡೋಣ. ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಮುಂದಿನ ಮೇಜಿನ ಮೇಲೆ ಎಡದಿಂದ ಬಲಕ್ಕೆ ಸೀಮೆಸುಣ್ಣ, ರಬ್ಬರ್, ಪೆನ್ಸಿಲ್ ಇಡಿ. ಈಗ ಪಶ್ಚಿಮಕ್ಕೆ ತಿರುಗಿ, ಹಿಂದಿನ ಮೇಜಿನ ಮೇಲೆ ಅಂಥವೇ ಮೂರನ್ನು ಅದೇ ಥರ ಜೋಡಿಸಿ. ನಾನಂತೂ ಸೀಮೆಸುಣ್ಣವನ್ನು ಮತ್ತೆ ಎಡಕ್ಕೇ ಇಟ್ಟೆ.

ಆಸ್ಟ್ರೇಲಿಯಾದ ಈಶಾನ್ಯ ಭಾಗದಲ್ಲಿ ಹೋಪ್‌ವೇಲ್ ಎಂಬ ಊರಿದೆ. ಅಲ್ಲಿಯ ಮೂಲನಿವಾಸಿಗಳ ಭಾಷೆ ಗೂಗು ಯಿಮಿಥಿರ್. 1770ರಲ್ಲಿ ಇಂಗ್ಲಿಷರು 'ಕಾಂಗರೂ' ಎಂಬ ಪದ ಕಲಿತದ್ದು ಈ ಭಾಷೆಯಿಂದಲೇ. ಅವರ ಹಿರಿಯರ ಮಾತಿನಲ್ಲಿ ಜಾಗ ಹೇಳಲು ಎಡ-ಬಲ ಬರುವುದಿಲ್ಲ. 'ನಿನ್ನ ದಕ್ಷಿಣದ ಕಾಲಿನ ಹತ್ತಿರ ಇರುವೆ ಇದೆ' ಎಂಬ ಹಾಗೆ ದಿಕ್ಕನ್ನೇ ಹೇಳುತ್ತಾರೆ. 1990ರ ದಶಕದಲ್ಲಿ ಸ್ಟೀಫನ್ ಲೆವಿನ್ಸನ್ ಎಂಬ ವಿಜ್ಞಾನಿ ಅವರಿಗೆ ಇಂಥದೇ ಆಟ ಕೊಟ್ಟು ನೋಡಿದರು. ಹೆಚ್ಚಿನವರು ಉತ್ತರದಲ್ಲಿದ್ದದ್ದನ್ನು ಉತ್ತರಕ್ಕೇ ಇಟ್ಟರು. ಅಂದರೆ ನಮ್ಮ ಸೀಮೆಸುಣ್ಣ ಬಲಕ್ಕೆ ಬರುತ್ತದೆ! ಅದು ತಪ್ಪಲ್ಲ. ಅವರು ನೆನಪಿಟ್ಟುಕೊಂಡದ್ದು ದಿಕ್ಕನ್ನು, ನಾನು ನನ್ನ ಕೈಯನ್ನು.

ಮನುಷ್ಯರಷ್ಟೇ ಅಲ್ಲ, ಜೇನುಹುಳವೂ ದಿಕ್ಕು ಹೇಳುತ್ತದೆ. ಹೂವು ಸೂರ್ಯನಿಂದ ಯಾವ ಕಡೆಗಿದೆ ಎಂದು ಗೂಡಿನಲ್ಲಿ ಕುಣಿದು ತೋರಿಸುತ್ತದೆ. ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಬಂತು.

ನಮ್ಮಜ್ಜಿ ಕೂಡ 'ವಸಿ ಮೂಡ್ಲಾಗಡೆ ಸರ್ಕೋ ಮಗಾ' ಅಂತಾರೆ. ಅಜ್ಜಿಗೆ ಎಡ-ಬಲ ಗೊತ್ತಿಲ್ಲ ಅಂತ ನಾನು ನಕ್ಕಿದ್ದೆ. ಮೊನ್ನೆ ಕರೆಂಟ್ ಹೋದಾಗ ಕತ್ತಲಲ್ಲೇ 'ಮೂಡ್ಲು ಯಾವ ಕಡೆ?' ಅಂತ ಕೇಳಿದೆ. ಅಜ್ಜಿ ತಟ್ಟನೆ ಹೇಳಿದರು. ನನಗೇ ಗೊತ್ತಾಗಲಿಲ್ಲ.

ಆದ್ದರಿಂದ ಗೆಳೆಯರೇ, ಆಟದಲ್ಲಿ ಯಾರಾದರೂ ಬೇರೆ ಥರ ಇಟ್ಟರೆ 'ದಡ್ಡ' ಅನ್ನಬೇಡಿ. 'ಯಾಕೆ ಹಾಗಿಟ್ಟೆ?' ಅಂತ ಕೇಳಿ.