ಮಕ್ಕಳಿರುವ ಮನೆಯಲ್ಲಿ ಔಷಧಿ ಡಬ್ಬಿ ಹೇಗಿರಬೇಕು?

ಮಕ್ಕಳ ಕಾಯಿಲೆಗೆ ಹೊತ್ತುಗೊತ್ತಿಲ್ಲ. ಹಗಲೆಲ್ಲ ಆಡಿಕೊಂಡಿದ್ದ ಮಗುವಿಗೆ ಇಶಾ ನಮಾಜಿನ ನಂತರ ಮೈ ಬಿಸಿಯಾಗುತ್ತದೆ, ನಡುರಾತ್ರಿ ವಾಂತಿ ಶುರುವಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ಸಿದ್ದಾಪುರದಂಥ ಊರಿನಲ್ಲಿ ಆ ಹೊತ್ತಿಗೆ ಮೆಡಿಕಲ್ ಶಾಪ್ ತೆರೆದಿರುವುದಿಲ್ಲ. ಬೆಳಗಾಗುವವರೆಗೆ ಕಾಯಬಹುದೇ, ಈಗಲೇ ಗಾಡಿ ಹುಡುಕಬೇಕೇ ಎಂದು ತಾಯಿತಂದೆಯರೇ ತೀರ್ಮಾನಿಸಬೇಕು. ಅಂಥ ರಾತ್ರಿ ಮನೆಯ ಔಷಧಿ ಡಬ್ಬಿ ನೆರವಾಗಬೇಕು, ಅಪಾಯ ತರಬಾರದು.

ಅಪಾಯ ತಂದ ಒಂದು ಘಟನೆ ಹೇಳುತ್ತೇನೆ. ಹತ್ತು ಕಿಲೋ ತೂಕದ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಬೆಳಗಿನ ಜಾವ ನನ್ನ ಮನೆಗೆ ಬಂದರು. ದೊಡ್ಡ ಮಗುವಿಗೆ ಜ್ವರದ ಸಿರಪ್ ಒಂದು ಚಮಚ ಕೊಡುತ್ತಿದ್ದ ಅಭ್ಯಾಸದಲ್ಲಿ ಚಿಕ್ಕದಕ್ಕೂ ಒಂದು ಚಮಚ ಕೊಟ್ಟಿದ್ದರು. ಆದರೆ ಅವರ ಕೈಯಲ್ಲಿದ್ದ ಶೀಶೆ ಸಿರಪ್ ಅಲ್ಲ, ಡ್ರಾಪ್ಸ್. ಕೊಡಬೇಕಾದದ್ದರ ಮೂರು ಪಟ್ಟಿಗೂ ಹೆಚ್ಚು ಔಷಧಿ ಮಗುವಿನ ಹೊಟ್ಟೆಗೆ ಹೋಗಿತ್ತು. ಕೂಡಲೇ ಆಸ್ಪತ್ರೆಗೆ ಕಳಿಸಿದೆ. ಒಂದೇ ಬಾರಿ ಕೊಟ್ಟಿದ್ದರಿಂದ ಮಗು ಪಾರಾಯಿತು, ಅಲ್‌ಹಮ್ದುಲಿಲ್ಲಾಹ್. ಅದೇ ಅಳತೆಯಲ್ಲಿ ರಾತ್ರಿಯಲ್ಲಿ ಎರಡು ಮೂರು ಸಲ ಕೊಟ್ಟಿದ್ದರೆ ಯಕೃತ್ತಿಗೆ ಹಾನಿಯಾಗುವ ಸಂಭವವಿತ್ತು. ಆ ತಾಯಿ ಓದಿದವರು, ಮಗುವನ್ನು ಜೀವಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುವವರು. ಅವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಮನೆಮಂದಿಗೆ ಇಂಥದನ್ನು ಹೇಳಿಕೊಡುವುದು ನಮ್ಮ ತಿಬ್ಬಿನ ಹಳೆಯ ಸಂಪ್ರದಾಯ. ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಅಬೂಬಕರ್ ಅಲ್‌ರಾಝಿ, ಹತ್ತಿರದಲ್ಲಿ ವೈದ್ಯರಿಲ್ಲದವರಿಗಾಗಿಯೇ ಒಂದು ಗ್ರಂಥ ಬರೆದರು. ಸುಲಭವಾಗಿ ಸಿಗುವ ವಸ್ತುಗಳಿಂದ ಏನು ಮಾಡಬಹುದು ಎಂಬುದೇ ಅದರ ವಿಷಯ. ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ಸ್ಪಷ್ಟವಾಗಿ ವಿವರಿಸಿದವರೂ ಅವರೇ. ಆ ದಾರಿಯಲ್ಲೇ ಇವತ್ತಿನ ನಮ್ಮ ಡಬ್ಬಿಯನ್ನು ಒಂದೊಂದಾಗಿ ತುಂಬೋಣ.

ಡಬ್ಬಿ ಮತ್ತು ಅದರ ಜಾಗ

ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿ ಸಾಕು, ಬೀಗವಿದ್ದರೆ ಇನ್ನೂ ಒಳ್ಳೆಯದು. ಅದನ್ನು ಮಗುವಿನ ಕೈಗೆ ಸಿಗದ ಎತ್ತರದಲ್ಲಿಡಿ. ಒಲೆಯ ಪಕ್ಕ, ಕಿಟಕಿ, ಫ್ರಿಜ್ಜಿನ ಮೇಲ್ಭಾಗ ಬೇಡ. ಹೆಚ್ಚಿನ ಔಷಧಿಗಳನ್ನು 30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಬಿಸಿಯಲ್ಲಿಡಬೇಕೆಂದು ಶೀಶೆಯ ಮೇಲೆಯೇ ಬರೆದಿರುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗಿನ ಅಟ್ಟ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಒಳಕೋಣೆಯ ತಂಪಾದ ಅಲಮಾರಿಯೇ ಸರಿಯಾದ ಜಾಗ.

ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ. ಪ್ರತಿ ಮಗುವಿನ ಹೆಸರು, ಈಗಿನ ತೂಕ, ಒಗ್ಗದ ಔಷಧಿ ಇದ್ದರೆ ಅದರ ಹೆಸರು, ನಿಮ್ಮ ವೈದ್ಯರ ನಂಬರು, ಆಂಬುಲೆನ್ಸಿನ 108. ಅಂಗನವಾಡಿಯಲ್ಲಿ ತೂಕ ನೋಡಿದಾಗಲೆಲ್ಲ ಚೀಟಿಯನ್ನು ತಿದ್ದಿ.

ಜ್ವರಕ್ಕೆ

ಮೊದಲು ಬೇಕಾದದ್ದು ಡಿಜಿಟಲ್ ಥರ್ಮಾಮೀಟರ್. ಹಣೆ ಮುಟ್ಟಿ ಜ್ವರ ಅಳೆಯಲಾಗದು. ಕಂಕುಳಲ್ಲಿಟ್ಟಾಗ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರವಿದೆ ಎಂದು ತಿಳಿಯಿರಿ. ಮೂರು ತಿಂಗಳು ತುಂಬದ ಮಗುವಿಗೆ ಜ್ವರ ಬಂದರೆ ಮನೆಮದ್ದು ಬೇಡ, ನೇರ ಆಸ್ಪತ್ರೆಗೆ ಹೋಗಿ.

ಉಳಿದ ಮಕ್ಕಳಿಗೆ ಪ್ಯಾರಸಿಟಮಾಲ್. ನಾನು ಯುನಾನಿ ವೈದ್ಯನಾದರೂ ಮಕ್ಕಳ ಜ್ವರಕ್ಕೆ ಡಬ್ಬಿಯಲ್ಲಿ ಇದನ್ನೇ ಇಡಿ ಎನ್ನುತ್ತೇನೆ. ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 15 ಮಿಲಿಗ್ರಾಂ. ಅಂದರೆ ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ. ಈಗ ಶೀಶೆ ನೋಡಿ. ಒಂದು ಮಿಲಿಯಲ್ಲಿ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲಿ. ಐದು ಮಿಲಿಯಲ್ಲಿ 125 ಇರುವ ಸಿರಪ್ ಆದರೆ 6 ಮಿಲಿ. ಐದು ಮಿಲಿಯಲ್ಲಿ 250 ಇರುವ ಸಿರಪ್ ಆದರೆ 3 ಮಿಲಿ. ಮೂರೂ ಪ್ಯಾರಸಿಟಮಾಲೇ, ಆದರೆ ಅಳತೆ ಮೂರು ಬಗೆ. ಆ ತಾಯಿ ಎಡವಿದ್ದು ಇಲ್ಲಿಯೇ. ಆದ್ದರಿಂದ ಮನೆಯಲ್ಲಿ ಒಂದೇ ಬಗೆಯ ಶೀಶೆ ಇಡಿ. ಶೀಶೆಯ ಜೊತೆ ಬರುವ ಅಳತೆ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜಿನಿಂದ ಅಳೆಯಿರಿ. ಅಡುಗೆಮನೆಯ ಚಮಚ ಬೇಡ. ಎರಡು ಸಲದ ನಡುವೆ ಆರು ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ. ಕೊಟ್ಟ ಸಮಯವನ್ನು ಬರೆದಿಡಿ. ಇಲ್ಲವಾದರೆ ತಾಯಿ ಕೊಟ್ಟದ್ದು ತಿಳಿಯದೆ ದಾದಿಯವರು ಮತ್ತೆ ಕೊಡುತ್ತಾರೆ.

ಆಸ್ಪಿರಿನ್ ಮಕ್ಕಳಿಗೆ ಕೂಡದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಸರ್ಕಾರವೇ 2011ರಲ್ಲಿ ನಿಷೇಧಿಸಿದೆ. ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲಗಳನ್ನು ವೈದ್ಯರು ಹೇಳದೆ ಕೊಡಬೇಡಿ. ಜ್ವರ ಡೆಂಗಿಯದಾಗಿದ್ದರೆ ಅವು ರಕ್ತಸ್ರಾವಕ್ಕೆ ದಾರಿಯಾಗಬಹುದು.

ವಾಂತಿ, ಭೇದಿಗೆ

ಡಬ್ಬಿಯಲ್ಲಿ ಓಆರ್‌ಎಸ್‌ನ ನಾಲ್ಕು ದೊಡ್ಡ ಪ್ಯಾಕೆಟ್ ಸದಾ ಇರಲಿ. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಾಬಿಸ್ ಇಂಥದೇ ಉಪ್ಪುಸಕ್ಕರೆಯ ನೀರನ್ನು ಕುಡಿಸಿ ಸಾವಿರಾರು ಜೀವ ಉಳಿಸಿದರು. ಇಷ್ಟು ಅಗ್ಗದ ಮದ್ದನ್ನು ಹಗುರವಾಗಿ ಕಾಣಬೇಡಿ.

ದೊಡ್ಡ ಪ್ಯಾಕೆಟ್ ಪೂರ್ತಿಯನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಹಾಕಿ. ಅರ್ಧ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಕದಡುವುದು ತಪ್ಪು, ಉಪ್ಪು ಹೆಚ್ಚಾಗಿ ಮಗುವಿಗೆ ಕೇಡಾಗುತ್ತದೆ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿ, ದೊಡ್ಡವರಿಗೆ 100ರಿಂದ 200 ಮಿಲಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಶುರು ಮಾಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಎದೆಹಾಲು ನಿಲ್ಲಿಸಬೇಡಿ. ಗಂಜಿ, ಮಜ್ಜಿಗೆ ತೆಗೆದುಕೊಳ್ಳುವ ವಯಸ್ಸಾದರೆ ಅದನ್ನೂ ಕೊಡಿ.

ಜೊತೆಗೆ ಜಿಂಕ್: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಮಗುವಿಗೆ 10 ಮಿಲಿಗ್ರಾಂ. ಭೇದಿ ನಿಂತರೂ ಒಟ್ಟು ಹದಿನಾಲ್ಕು ದಿನ ಕೊಡಿ. ಭೇದಿಯನ್ನು ತಟ್ಟನೆ ನಿಲ್ಲಿಸುವ ಲೋಪರಮೈಡ್ ಮಾತ್ರೆಯನ್ನು ಮಕ್ಕಳಿಗೆ ಕೊಡಬೇಡಿ.

ನೆಗಡಿ, ಕೆಮ್ಮಿಗೆ

ಮೂಗು ಕಟ್ಟಿದರೆ ಸಲೈನ್ ಡ್ರಾಪ್ಸ್ ಸಾಕು. ಕೆಮ್ಮಿನ ಸಿರಪ್ ಡಬ್ಬಿಯಲ್ಲಿ ಬೇಡವೇ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಆ ಬಳಿಕ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು.

ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನು ಒಳ್ಳೆಯ ಮದ್ದು. ಒಂದು ವರ್ಷದೊಳಗೆ ಮಾತ್ರ ಜೇನು ಬೇಡ. ಜೇನಿನಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಯ ಕರುಳಲ್ಲಿ ಬೆಳೆದು ಬಾಟ್ಯುಲಿಸಂ ಎಂಬ ಲಕ್ವದಂಥ ಕಾಯಿಲೆ ತರುತ್ತದೆ. ಹುಟ್ಟಿದ ಮಗುವಿನ ಬಾಯಿಗೆ ಜೇನು ಸವರುವವರು ನಮ್ಮಲ್ಲಿ ಬಹಳ. ಜೇನಿನಲ್ಲಿ ಶಿಫಾ ಇದೆ, ನಿಜ. ಆದರೆ ಯಾವ ಮದ್ದಿಗೂ ವಯಸ್ಸು, ಮಿಜಾಜು ನೋಡಬೇಕು ಎಂಬುದು ತಿಬ್ಬಿನ ಮೊದಲ ಪಾಠ. ತಹ್ನೀಕ್‌ನ ಸುನ್ನತ್ ಖರ್ಜೂರದ್ದು. ಮಕ್ಕಳ ವೈದ್ಯರನ್ನು ಕೇಳಿ, ಸೋಪಿನಿಂದ ತೊಳೆದ ಬೆರಳಲ್ಲಿ ಖರ್ಜೂರದ ರಸ ತುಸುವೇ ಸವರಿದರೆ ಸಾಕು.

ಗಾಯ, ಸುಟ್ಟದ್ದು, ಕಡಿತ

ಹತ್ತಿ, ಗಾಜ್ ಬಟ್ಟೆ, ಬ್ಯಾಂಡೇಜ್, ಅಂಟುಪಟ್ಟಿ, ಕತ್ತರಿ, ಪೊವಿಡೋನ್ ಅಯೋಡಿನ್ ಮುಲಾಮು ಇರಲಿ. ಗಾಯವನ್ನು ಮೊದಲು ಸೋಪು ನೀರಲ್ಲಿ ತೊಳೆಯಿರಿ. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಿರಿ. ಟೂತ್‌ಪೇಸ್ಟ್, ಕಾಫಿಪುಡಿ, ಅರಿಶಿನ, ಮಂಜುಗಡ್ಡೆ ಬೇಡ. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು ಅಂದೇ ರೇಬೀಸ್ ಲಸಿಕೆಗೆ ಹೋಗಿ. ನಮ್ಮ ಕಲ್ಲುಬಂಡೆಯ ಸೀಮೆಯಲ್ಲಿ ಚೇಳು ಹೆಚ್ಚು. ಮಗುವಿಗೆ ಚೇಳು ಕುಟುಕಿದರೂ ಹಾವು ಕಚ್ಚಿದರೂ ಮನೆಯಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೊರಡಿ.

ಯುನಾನಿ ಮದ್ದುಗಳು

ಬಡೆಸೋಪು, ಅಜವಾನ, ಮುಲೇಠಿ ಅಡುಗೆಮನೆಯಲ್ಲೇ ಇರಲಿ. ಕೆಮ್ಮಿಗೆ ಕೊಡುವ ಲಊಕೆ ಸಪಿಸ್ತಾನ್ ನಮ್ಮ ಚಳ್ಳೆಹಣ್ಣಿನ ಜಾತಿಯ ಹಣ್ಣಿನಿಂದಲೇ ಆದದ್ದು. ದೊಡ್ಡ ಮಕ್ಕಳಿಗೆ ಹಕೀಮರು ಹೇಳಿದ ಅಳತೆಯಲ್ಲಿ ಕೊಡಬಹುದು. ಆರು ತಿಂಗಳವರೆಗೆ ಎದೆಹಾಲೊಂದೇ. ಘುಟ್ಟಿ, ಗ್ರೈಪ್ ವಾಟರ್, ಸೋಪಿನ ಕಾಳಿನ ನೀರು ಯಾವುದೂ ಬೇಡ. ಕುಶ್ತಾಗಳನ್ನು ಮಕ್ಕಳಿಗೆ ನೀವಾಗಿ ಕೊಡಲೇಬೇಡಿ, ಅವು ಲೋಹದ ಭಸ್ಮಗಳು. ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಾರೀಖು ಇಲ್ಲದ ಯುನಾನಿ ಔಷಧಿಯನ್ನು ಕೊಳ್ಳಬೇಡಿ.

ಸುರ್ಮಾದ ಮಾತನ್ನೂ ಹೇಳಲೇಬೇಕು. ಮಾರುಕಟ್ಟೆಯ ಎಷ್ಟೋ ಸುರ್ಮಾಗಳಲ್ಲಿ ಸೀಸ ಇರುತ್ತದೆ. ಮಗು ಕಣ್ಣುಜ್ಜಿದ ಕೈಯನ್ನು ಬಾಯಿಗಿಡುತ್ತದೆ, ಸೀಸ ರಕ್ತ ಸೇರಿ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಮಕ್ಕಳ ಕಣ್ಣಿಗೆ ಸುರ್ಮಾ ಬೇಡ. ಶರಬತ್ತಿಗೆ ಮಾರುವ ಗುಲಾಬ್ ನೀರನ್ನೂ ಕಣ್ಣಿಗೆ ಹಾಕಬೇಡಿ. ಎರಡು ವರ್ಷದೊಳಗಿನವರ ಮೂಗಿಗೆ, ಎದೆಗೆ ಕರ್ಪೂರದ ಮುಲಾಮು ಸವರಬೇಡಿ.

ಡಬ್ಬಿ ಮುಚ್ಚಿ ಹೊರಡುವ ಹೊತ್ತು

ಮಗು ಹಾಲು, ನೀರು ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಉಸಿರೆಳೆದಾಗ ಪಕ್ಕೆ ಒಳಸೇದಿದರೆ, ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದು ಮೂತ್ರ ನಿಂತರೆ ಬೆಳಗಾಗಲಿ ಎಂದು ಕಾಯಬೇಡಿ. ಗಡಿಯಾರ ಹಿಡಿದು ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚಿದ್ದರೆ ಅದು ನ್ಯುಮೋನಿಯಾ ಇರಬಹುದು. ದುಆ ಓದಿ ಊದಿ, ಆದರೆ ಗಾಡಿಯಲ್ಲಿ ಕೂತು ಓದಿ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪ್ರವಾದಿಯವರೇ (ಸ) ಕಲಿಸಿದ್ದಾರೆ. ದವಾ ಮಾಡುವುದರಿಂದ ತವಕ್ಕುಲ್ ಕಡಿಮೆಯಾಗುವುದಿಲ್ಲ.

ಈ ಶುಕ್ರವಾರ ಜುಮಾ ಮುಗಿಸಿ ಬಂದ ಮೇಲೆ ಮನೆಯ ಔಷಧಿಗಳನ್ನೆಲ್ಲ ಚಾಪೆಯ ಮೇಲೆ ಹರವಿ. ಅವಧಿ ಮೀರಿದ್ದು, ಲೇಬಲ್ ಹರಿದದ್ದು, ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ಎಲ್ಲವನ್ನೂ ತೆಗೆದುಹಾಕಿ. ಉಳಿದದ್ದನ್ನು ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ, ಮನೆಯ ಹಿರಿಯರಿಗೂ ಓದಿ ಹೇಳಿ. ಅರ್ಧ ಗಂಟೆಯ ಕೆಲಸ. ಅಲ್ಲಾಹನು ನಮ್ಮೆಲ್ಲರ ಮಕ್ಕಳಿಗೆ ಆರೋಗ್ಯ ಕರುಣಿಸಲಿ, ಆಮೀನ್.